ಬಲಕ್ಕೆ ಬರಬೇಕಾದ ಸೈಕಲ್ಲು ಎಡಗಡೆ ಚರಂಡಿಗೇ ಯಾಕೆ ಹೋಯಿತು?

ತೋಟದ ರೈಟರ್

ನನಗೆ 49. ಕೊಡಗಿನ ಮೂರ್ನಾಡು ಹತ್ತಿರ ಕಾಫಿ ತೋಟದಲ್ಲಿ ರೈಟರ್ ಕೆಲಸ, ಅಂದರೆ ಲೆಕ್ಕ-ಹಾಜರಿ ಬರೆಯೋದು. ಸಕ್ಕರೆ ಕಾಯಿಲೆ ಅಂತ ಗೊತ್ತಾದ ಮೇಲೆ ಮಗನ ಹಳೇ ಗೇರ್ ಸೈಕಲ್ಲಿನ ಧೂಳು ಒರೆಸಿ ಹತ್ತಿದ್ದೇನೆ. ಏಳು ತಿಂಗಳಾಯಿತು. ಚಿಕ್ಕಂದಿನಲ್ಲಿ ಒಳಗಾಲು ಹಾಕಿ ಕಲಿತವನು ನಾನು, ಇನ್ನು ಕಲಿಯುವುದು ಏನಿದೆ ಅಂದುಕೊಂಡಿದ್ದೆ.

ಹೋದ ಭಾನುವಾರ ಮಡಿಕೇರಿಯಿಂದ ಮೇಕೇರಿ ಕಡೆಗೆ ಇಳಿಯುತ್ತಿದ್ದೆ. ಬಲಕ್ಕೆ ಒಂದು ತಿರುವು. ಎದುರಿಂದ ಮರ ತುಂಬಿದ ಲಾರಿ ಬಂತು ಅಂತ ಎಡಕ್ಕೆ ಸರಿದೆ. ಬಿಳಿ ಗೆರೆ ದಾಟಿ ಡಾಂಬರಿನ ತುದಿಯಲ್ಲೇ ಹೋಗುತ್ತಿದ್ದೆ. ಪಕ್ಕದಲ್ಲೇ ಚರಂಡಿ. ಲಾರಿ ಹೋಯಿತು, ಈಗ ಬಲಕ್ಕೆ ಬರಬೇಕು. ಸೈಕಲ್ ಬರಲೇ ಇಲ್ಲ! ಹ್ಯಾಂಡಲ್ ಬಲಕ್ಕೆ ತಿರುಗಿಸಿದ್ದು ಚೆನ್ನಾಗಿ ನೆನಪಿದೆ. ತಿರುಗಿಸಿದ ಕೂಡಲೇ ಮೈ ಎಡಕ್ಕೆ ವಾಲಿತು. ಬೀಳುತ್ತೇನೆ ಅಂತ ಕೈ ತಾನಾಗಿ ಹ್ಯಾಂಡಲನ್ನು ಎಡಕ್ಕೆ ತಂದಿತು. ಚಕ್ರ ಇನ್ನಷ್ಟು ಅಂಚಿಗೆ ಹೋಯಿತು. ಎರಡು ಸಲ ಹೀಗೇ ಆಯಿತು. ಮೂರನೇ ಸಲ ನಾನು ಸೈಕಲ್ ಸಮೇತ ಚರಂಡಿಯಲ್ಲಿ.

ಮೊಣಕೈ ತರಚಿದೆ, ಅಷ್ಟೇ. ಮನೆಯವಳು 'ಚರಂಡಿ ನೋಡ್ಕೊಂಡು ಹೋದ್ರೆ ಚರಂಡಿಗೇ ಹೋಗ್ತೀರಿ' ಅಂತಾಳೆ. ಇರಬಹುದು. ಆದರೆ ಹ್ಯಾಂಡಲ್ ತಿರುಗಿಸಿದ ಕಡೆ ಸೈಕಲ್ ಯಾಕೆ ಹೋಗಲಿಲ್ಲ?

ಗೋಣಿಕೊಪ್ಪ ಸೈಕಲ್ ರಿಪೇರಿ

ಮೊದಲು ಒಂದು ಕೆಲಸ ಮಾಡಿ ರೈಟರೇ. ಮುಂದಿನ ಚಕ್ರ ನೆಲದಿಂದ ಎತ್ತಿ ಹಿಡಿದು ಹ್ಯಾಂಡಲನ್ನು ಒಂದು ಬೆರಳಲ್ಲಿ ತಟ್ಟಿ. ಸಲೀಸಾಗಿ ಎರಡೂ ಕಡೆ ಆಡಬೇಕು. ನಡುವೆ ಎಲ್ಲಾದರೂ ಹಿಡಿದರೆ ಹ್ಯಾಂಡಲ್ ಬೇರಿಂಗ್ ಬಿಗಿಯಾಗಿದೆ ಅಂತ ಅರ್ಥ. ಮೂಲೆಯಲ್ಲಿ ಬಿದ್ದಿದ್ದ ಸೈಕಲ್ಲಲ್ಲಿ ಗ್ರೀಸ್ ಒಣಗಿರುತ್ತೆ. ಅಂಥದ್ದರಲ್ಲಿ ನೆಟ್ಟಗೆ ಹೋಗೋದೇ ಕಷ್ಟ.

ಅದು ಸರಿಯಿದ್ದರೆ ತಪ್ಪು ಸೈಕಲ್ಲಿಂದಲ್ಲ. ಬಲಕ್ಕೆ ತಿರುಗಬೇಕಾದರೆ ಎಡಕ್ಕೆ ಸ್ವಲ್ಪ ಜಾಗ ಬೇಕು. ನೀವು ಅದನ್ನು ಇಟ್ಟುಕೊಂಡಿರಲಿಲ್ಲ.

ತೋಟದ ರೈಟರ್

ಹ್ಯಾಂಡಲ್ ಸಲೀಸಾಗಿಯೇ ಇದೆ. ಎಡಕ್ಕೆ ಜಾಗ ಯಾಕೆ ಬೇಕು ಅನ್ನೋದು ಮಾತ್ರ ತಲೆಗೆ ಹೋಗಲಿಲ್ಲ.

ನಿವೃತ್ತ ವಿಜ್ಞಾನ ಮೇಷ್ಟ್ರು

ನಿಮ್ಮ ತೋಟದಲ್ಲಿ ಕಾಳುಮೆಣಸು ಕೊಯ್ಯುವವರು ಒಂಟಿ ಬಿದಿರಿನ ಏಣಿಯನ್ನು ನೆಟ್ಟಗೆ ನಿಲ್ಲಿಸಿಕೊಂಡೇ ಒಂದು ಮರದಿಂದ ಇನ್ನೊಂದು ಮರಕ್ಕೆ ಹೋಗುತ್ತಾರಲ್ಲ, ಅದನ್ನು ಗಮನಿಸಿ. ಬಲಗಡೆ ಮರಕ್ಕೆ ಹೋಗಬೇಕು ಅಂದುಕೊಳ್ಳಿ. ಬುಡವನ್ನು ಸೀದಾ ಬಲಕ್ಕೆ ಎಳೆದರೆ ತುದಿ ಎಡಕ್ಕೆ ಬೀಳುತ್ತೆ. ಅದಕ್ಕೇ ಬುಡವನ್ನು ಮೊದಲು ಒಂಚೂರು ಎಡಕ್ಕೆ ಜಾರಿಸುತ್ತಾರೆ. ತುದಿ ಬಲಕ್ಕೆ ವಾಲುತ್ತೆ. ಆಮೇಲೆ ಅದರ ಹಿಂದೆಯೇ ಬುಡ ತೆಗೆದುಕೊಂಡು ಹೋಗುತ್ತಾರೆ.

ಸೈಕಲ್ಲೂ ಅದೇ ಏಣಿ. ಬುಡದಲ್ಲಿ ಚಕ್ರ, ತುದಿಯಲ್ಲಿ ನೀವು. ಬಲಕ್ಕೆ ತಿರುಗುವಷ್ಟು ಹೊತ್ತೂ ಬಲಕ್ಕೆ ವಾಲಿರಲೇಬೇಕು, ಇಲ್ಲದಿದ್ದರೆ ಹೊರಗಡೆಗೆ ಬೀಳುತ್ತೀರಿ. ಆ ವಾಲು ಬರಿಸೋದಕ್ಕೆ ಚಕ್ರವನ್ನು ಕ್ಷಣಹೊತ್ತು ಎಡಕ್ಕೆ ಬಿಡಬೇಕು. ಚರಂಡಿಯ ತುದಿಯಲ್ಲಿ ಆ ಕ್ಷಣಕ್ಕೆ ಜಾಗ ಎಲ್ಲಿದೆ?

ಎಷ್ಟು ವಾಲಬೇಕು ಅನ್ನೋದನ್ನು ವೇಗ ಮತ್ತು ತಿರುವು ಹೇಳುತ್ತವೆ. 10 ಮೀಟರ್ ತ್ರಿಜ್ಯದ ತಿರುವಿನಲ್ಲಿ ಗಂಟೆಗೆ 20 ಕಿ.ಮೀ. ವೇಗಕ್ಕೆ ಸುಮಾರು 17 ಡಿಗ್ರಿ. 30ಕ್ಕೆ ಹೋದರೆ ಸುಮಾರು 35, ಅಂದರೆ ಎರಡರಷ್ಟು. ಪಾಚಿ ಕಟ್ಟಿದ ರಸ್ತೆಯಲ್ಲಿ, ಒದ್ದೆ ಸಿಲ್ವರ್ ಓಕ್ ಮರದ ಎಲೆಯ ಮೇಲೆ 35 ಡಿಗ್ರಿ ವಾಲಿದರೆ ಟಯರ್ ಜಾರುತ್ತೆ. ಬ್ರೇಕು ತಿರುವಿಗೆ ಮೊದಲೇ ಹಿಡಿಯಿರಿ, ತಿರುವಿನ ಒಳಗಲ್ಲ.

ಇದನ್ನು ನೀವೊಬ್ಬರೇ ಕೇಳಿದ್ದಲ್ಲ. ವಿಮಾನ ಮಾಡಿದ ರೈಟ್ ಸಹೋದರರು ಮೊದಲು ಸೈಕಲ್ ಅಂಗಡಿಯವರು. ಅವರಲ್ಲಿ ವಿಲ್ಬರ್ 'ಎಡಕ್ಕೆ ಹೇಗೆ ತಿರುಗುತ್ತೀರಿ' ಅಂತ ಎಷ್ಟೋ ಸವಾರರನ್ನು ಕೇಳಿದರಂತೆ. ಮೊದಲು ಬಲಕ್ಕೆ ತಿರುಗಿಸುತ್ತೇವೆ ಅಂತ ಕೇಳಿದ ಕೂಡಲೇ ಯಾರೂ ಹೇಳಲಿಲ್ಲ. ಮಾಡುತ್ತಿದ್ದದ್ದು ಮಾತ್ರ ಎಲ್ಲರೂ ಅದನ್ನೇ.

ಕುಶಾಲನಗರದವನು

ಸುಮ್ನೆ ದೊಡ್ಡದು ಮಾಡ್ತಿದ್ದೀರಿ ಸರ್. ನಾನು ಎರಡೂ ಕೈ ಬಿಟ್ಟು ಓಡಿಸ್ತೇನೆ, ಬರೀ ಮೈ ವಾಲಿಸಿದರೆ ಸೈಕಲ್ ತಿರುಗುತ್ತೆ. ಉಲ್ಟಾ ಗಿಲ್ಟಾ ಏನಿಲ್ಲ.

ನಿವೃತ್ತ ವಿಜ್ಞಾನ ಮೇಷ್ಟ್ರು

ಕೈ ಬಿಟ್ಟಾಗ ಮೈ ಬಲಕ್ಕೆ ಹೋದರೆ ಸೊಂಟ ಸೈಕಲನ್ನು ಎಡಕ್ಕೆ ತಳ್ಳುತ್ತೆ. ಸೈಕಲ್ ಯಾವ ಕಡೆ ವಾಲುತ್ತೋ ಮುಂದಿನ ಚಕ್ರ ಆ ಕಡೆಗೇ ತಿರುಗುತ್ತೆ. ಅಂದರೆ ಮೊದಲು ಎಡಕ್ಕೇ. ನೀವು ಮಾಡದಿದ್ದರೆ ಅದೇ ಮಾಡಿಕೊಳ್ಳುತ್ತೆ. ಹ್ಯಾಂಡಲನ್ನು ಅಲ್ಲಾಡದ ಹಾಗೆ ಬಿಗಿದು ಓಡಿಸಿ ನೋಡಿ. ತಿರುಗೋದಿರಲಿ, ನೆಟ್ಟಗೆ ಹೋಗೋಕೂ ಆಗಲ್ಲ. ದಯವಿಟ್ಟು ಹುಲ್ಲಿನ ಮೇಲೆ.

ಗೋಣಿಕೊಪ್ಪ ಸೈಕಲ್ ರಿಪೇರಿ

ಸೈಡ್ ವೀಲ್ ಬಿಚ್ಚಿಸೋಕೆ ಬರುವ ಮಕ್ಕಳಲ್ಲಿ ಇದನ್ನೇ ನೋಡೋದು. ಆ ಚಕ್ರ ಇರುವಾಗ ಸೈಕಲ್ ವಾಲಲ್ಲ, ತಿರುಗಿಸಿದ ಕಡೆ ಹೋಗುತ್ತೆ. ಬಿಚ್ಚಿದ ದಿನ ಮಗು ಹಾಗೇ ತಿರುಗಿಸಿ ಹೊರಗಡೆಗೆ ಬೀಳುತ್ತೆ. ಈಗೀಗ ಪೆಡಲ್ಲೂ ಬಿಚ್ಚಿ ಕೊಡ್ತೇನೆ. ಕಾಲಲ್ಲಿ ತಳ್ಳಿಕೊಂಡು ಓಡಾಡಲಿ, ವಾಲೋದು ಮೊದಲು ಬರಲಿ.

ರೈಟರೇ, ನಿಮಗೆ ಒಂದೇ ಮಾತು. ಬಲಕ್ಕೆ ಹೋಗಬೇಕಾ, ಹ್ಯಾಂಡಲ್ ಮೇಲಿನ ಬಲಗೈಯನ್ನು ಮುಂದಕ್ಕೆ ಮೆಲ್ಲಗೆ ಒತ್ತಿ. ಚಕ್ರ ಒಂಚೂರು ಎಡಕ್ಕೆ ಹೋಗುತ್ತೆ, ಮೈ ಬಲಕ್ಕೆ ವಾಲುತ್ತೆ.

ತೋಟದ ರೈಟರ್

ಮಾಡಿ ನೋಡಿದೆ. ಕಾಫಿ ಒಣಗಿಸುವ ನಮ್ಮ ಕಣ ಈಗ ಖಾಲಿ, ಕಾಫಿ ಬರೋದಕ್ಕೆ ಇನ್ನೂ ಟೈಮಿದೆ. ನಿನ್ನೆ ಬಿಸಿಲಿತ್ತು. ಸಿಮೆಂಟಿನ ಮೇಲೆ ಪೈಪಿನಲ್ಲಿ ಅಡ್ಡಕ್ಕೆ ಒಂದು ಪಟ್ಟಿ ನೀರು ಬಿಟ್ಟೆ. ಆ ನೀರು ದಾಟಿ ಬಂದ ಕೂಡಲೇ ಬಲಗೈ ಒತ್ತಿದೆ. ಸೈಕಲ್ ಬಲಕ್ಕೆ ಬಿದ್ದ ಹಾಗೆ ತಿರುಗಿತು. ಹೆದರಿ ಕಾಲು ಕೊಟ್ಟೆ.

ಹಿಂತಿರುಗಿ ಗೆರೆ ನೋಡಿದೆ. ಹಿಂದಿನ ಚಕ್ರದ್ದು ಸುಮಾರಾಗಿ ನೆಟ್ಟಗಿತ್ತು. ಮುಂದಿನದ್ದು ಮಾತ್ರ ಮೊದಲು ಎಡಕ್ಕೆ ನಾಲ್ಕು ಬೆರಳಷ್ಟು ಬಳುಕಿ, ಆಮೇಲೆ ಬಲಕ್ಕೆ ಹೊರಳಿತ್ತು. ಒತ್ತದೆ ನನ್ನ ಪಾಡಿಗೆ ತಿರುಗಿದಾಗಲೂ ಬಳುಕು ಇತ್ತು, ಎರಡು ಬೆರಳಷ್ಟು. ಇಷ್ಟು ವರ್ಷ ಅದನ್ನೇ ಮಾಡಿಕೊಂಡು ಬಂದಿದ್ದೇನೆ!

ಫೋಟೋ ತೆಗೆಯೋಣ ಅಂತ ಒಳಗೆ ಹೋಗಿ ಫೋನ್ ತರುವಷ್ಟರಲ್ಲಿ ಗೆರೆ ಒಣಗಿತ್ತು. ಇನ್ನು ಅಂಚಿನಿಂದ ಎರಡಡಿ ಒಳಗೇ ಹೋಗ್ತೇನೆ. ಲಾರಿಯವರು ಹಾರ್ನ್ ಹೊಡೆದುಕೊಳ್ಳಲಿ.