ದಿನಾ ಕೆಲಸಕ್ಕೆ ಸೈಕಲ್: ಯಾವ ಸಾಮಾನು ಮೊದಲು ಕೊಳ್ಳಬೇಕು?

ಹೊಸ_ಸವಾರ

ಮೈಸೂರಲ್ಲಿ ಕುವೆಂಪುನಗರದಿಂದ ಹೆಬ್ಬಾಳ ಕೈಗಾರಿಕಾ ಪ್ರದೇಶಕ್ಕೆ ದಿನಾ ಸೈಕಲ್‌ನಲ್ಲೇ ಹೋಗಬೇಕೆಂದಿದ್ದೇನೆ. ಹೈಬ್ರಿಡ್ ಸೈಕಲ್, 700×35ಸಿ ಟಯರ್, ಡಿಸ್ಕ್ ಬ್ರೇಕ್. ಸೆಕೆಂಡ್ ಶಿಫ್ಟ್ ಇದ್ದಾಗ ವಾಪಸ್ ಬರೋದು ರಾತ್ರಿ. ಜೊತೆಗೆ ಲ್ಯಾಪ್‌ಟಾಪ್, ಊಟದ ಡಬ್ಬಿ ಇರುತ್ತೆ. ಅಂಗಡಿಯವರು ಜೆಲ್ ಸೀಟ್ ಕವರ್, ಮೊಬೈಲ್ ಹೋಲ್ಡರ್, ಬಾಟಲ್ ಕೇಜ್, ಕೇಬಲ್ ಲಾಕ್ ಅಂತ ಪಟ್ಟಿ ಕೊಟ್ಟಿದ್ದಾರೆ. ಕೈಯಲ್ಲಿರೋದು 6,000 ರೂಪಾಯಿ. ಯಾವುದು ಮೊದಲು?

ಚೈನ್_ಸ್ಪ್ರಾಕೆಟ್

ಆ ಪಟ್ಟಿ ಸದ್ಯಕ್ಕೆ ಪಕ್ಕಕ್ಕಿಡಿ. ರಾತ್ರಿ ಸವಾರಿ ಅಂದಮೇಲೆ ಹೆಲ್ಮೆಟ್ಟು, ಲೈಟು ಮೊದಲು.

ಹೆಲ್ಮೆಟ್ ಒಳಗೆ ಇಎನ್ 1078 (ಯುರೋಪಿನದು) ಅಥವಾ ಸಿಪಿಎಸ್‌ಸಿ (ಅಮೆರಿಕದ್ದು) ಸುರಕ್ಷತಾ ಗುರುತಿರಲಿ. ಹುಬ್ಬಿನಿಂದ ಎರಡು ಬೆರಳು ಮೇಲೆ ಕೂರಬೇಕು. ಎಷ್ಟೋ ಜನ ಹಿಂದಕ್ಕೆ ಸರಿಸಿ ಹಾಕಿಕೊಳ್ಳುತ್ತಾರೆ, ಆಗ ಹಣೆಗೆ ರಕ್ಷಣೆಯೇ ಇಲ್ಲ.

ಬೀದಿದೀಪ ಇರೋ ರಸ್ತೆಗೆ ಮುಂದಿನ ಲೈಟು 200 ಲ್ಯೂಮೆನ್ (ಬೆಳಕಿನ ಅಳತೆ) ಸಾಕು. ರಿಂಗ್ ರೋಡ್ ಕಡೆ ಕತ್ತಲಿದ್ದರೆ 400ರ ಮೇಲೆ ತಗೊಳ್ಳಿ. ಬೆಳಕು ಎದುರಿನವರ ಕಣ್ಣಿಗೆ ಹೊಡೆಯದೆ, ಆರೇಳು ಮೀಟರ್ ಮುಂದೆ ನೆಲಕ್ಕೆ ಬೀಳೋ ಹಾಗೆ ಬಗ್ಗಿಸಿ. ಹಿಂದಿನ ಕೆಂಪು ಲೈಟನ್ನು ಸೀಟಿನ ಕೆಳಗೆ ಕಟ್ಟಿದರೆ ರೇನ್‌ಕೋಟೋ ಬ್ಯಾಗೋ ಅದನ್ನು ಮುಚ್ಚಿಬಿಡುತ್ತೆ, ನಿಮಗೆ ಗೊತ್ತೇ ಆಗಲ್ಲ. ಕ್ಯಾರಿಯರ್‌ನ ಹಿಂತುದಿಗೆ ಕಟ್ಟಿ. ಎರಡೂ ಕನಿಷ್ಠ ಐಪಿಎಕ್ಸ್4 (ನೀರು ಸಿಡಿದರೂ ತಡೆಯೋ ದರ್ಜೆ) ಇರಲಿ, ಇಲ್ಲದಿದ್ದರೆ ಮೊದಲ ಮಳೆಗೇ ಚಾರ್ಜಿಂಗ್ ಪೋರ್ಟಿಗೆ ನೀರು ಹೋಗುತ್ತೆ.

ಪಂಚರ್_ಪಂಡಿತ

ಇನ್ನು ಪಂಚರ್ ಸಾಮಾನು. ರಾತ್ರಿ ಆ ಹೊತ್ತಲ್ಲಿ ಯಾವ ಅಂಗಡಿಯೂ ತೆಗೆದಿರಲ್ಲ. ಸೀಟಿನ ಕೆಳಗಿನ ಚೀಲದಲ್ಲಿ ಇರಬೇಕಾದ್ದು: ಒಂದು ಹೊಸ ಟ್ಯೂಬು, ರಿಮ್‌ನಿಂದ ಟಯರ್ ಎಬ್ಬಿಸೋಕೆ ಎರಡು ಪ್ಲಾಸ್ಟಿಕ್ ಟಯರ್ ಲಿವರ್, ಪ್ಯಾಚ್ ಕಿಟ್, 4, 5, 6 ಎಂಎಂ ಅಲನ್ ಕೀ (ಆರು ಮೂಲೆಯ ಕೀ) ಇರೋ ಮಲ್ಟಿಟೂಲ್, ಮಿನಿ ಪಂಪು. ಚಕ್ರಕ್ಕೆ ಕ್ವಿಕ್ ರಿಲೀಸ್ (ಕೈಯಲ್ಲೇ ಬಿಚ್ಚೋ ಹಿಡಿ) ಇಲ್ಲದೆ ನಟ್ಟಿದ್ದರೆ 15 ಎಂಎಂ ಸ್ಪ್ಯಾನರ್ರೂ ಬೇಕು. ಇದನ್ನು ಮರೆತರೆ ಉಳಿದದ್ದೆಲ್ಲ ಇದ್ದೂ ದಂಡ.

ರಸ್ತೆಯಲ್ಲಿ ಪ್ಯಾಚ್ ಹಾಕುತ್ತಾ ಕೂರಬೇಡಿ, ಟ್ಯೂಬು ಬದಲಿಸಿ. ಆದರೆ ಹೊಸದು ಹಾಕೋ ಮುಂಚೆ ಹಳೇ ಟ್ಯೂಬಿಗೆ ಗಾಳಿ ಹೊಡೆದು ತೂತು ಎಲ್ಲಿದೆ ನೋಡಿ. ಹೊರಮೈಯಲ್ಲಿ ಒಂದೇ ತೂತಿದ್ದರೆ ಮುಳ್ಳೋ ತಂತಿಯೋ ಟಯರಲ್ಲೇ ಕೂತಿರಬಹುದು. ಲಾರಿ ಟಯರ್ ಸಿಡಿದಾಗ ರಸ್ತೆಗೆ ಬೀಳೋ ಕೂದಲೆಳೆಯಂಥ ತಂತಿ ಕಣ್ಣಿಗೆ ಕಾಣಲ್ಲ. ಟಯರಿನ ಒಳಗೆ ಬಟ್ಟೆ ಆಡಿಸಿ, ದಾರ ಸಿಕ್ಕಿಕೊಂಡ ಕಡೆ ಇರುತ್ತೆ. ಬೆರಳು ಹಾಕಬೇಡಿ. ಅಕ್ಕಪಕ್ಕ ಎರಡು ಸಣ್ಣ ಸೀಳಿದ್ದರೆ ಗಾಳಿ ಕಮ್ಮಿಯಾಗಿ ಗುಂಡಿಯ ಅಂಚಿಗೆ ರಿಮ್ ಬಡಿದದ್ದು. ರಿಮ್ ಕಡೆಯ ಮೈಯಲ್ಲಿ ತೂತಿದ್ದರೆ ರಿಮ್ ಟೇಪ್ (ಕಡ್ಡಿಗಳ ತೂತು ಮುಚ್ಚೋ ಪಟ್ಟಿ) ಸರಿದಿದೆ.

ಹೊಸ ಟ್ಯೂಬಿಗೆ ದುಂಡಗಾಗುವಷ್ಟು ಗಾಳಿ ಹಾಕಿಯೇ ಒಳಗೆ ಸೇರಿಸಿ. ಕೊನೇ ಭಾಗ ಬಿಗಿಯಾದರೆ ಸ್ಕ್ರೂಡ್ರೈವರ್ ಹಾಕಿ ಮೀಟಬೇಡಿ, ಹೊಸ ಟ್ಯೂಬೇ ಹರಿಯುತ್ತೆ. ಟಯರಿನ ಅಂಚನ್ನು ರಿಮ್‌ನ ನಡುವಿನ ತಗ್ಗಿಗೆ ತಳ್ಳುತ್ತಾ ಬಂದರೆ ಕೈಯಲ್ಲೇ ಕೂರುತ್ತೆ.

ಪ್ಯಾಚ್ ಮನೆಯಲ್ಲಿ ಹಾಕಿ: ಉಪ್ಪುಕಾಗದದಿಂದ ಉಜ್ಜಿ, ಸೊಲ್ಯೂಷನ್ (ಪ್ಯಾಚ್ ಅಂಟು) ತೆಳುವಾಗಿ ಹಚ್ಚಿ, ಹೊಳಪು ಹೋಗೋವರೆಗೆ ಐದು ನಿಮಿಷ ಬಿಟ್ಟು ಒತ್ತಿ. ಹಸಿ ಇದ್ದಾಗಲೇ ಅಂಟಿಸೋದರಿಂದಲೇ ಬಹಳಷ್ಟು ಪ್ಯಾಚ್ ಕಿತ್ತು ಬರೋದು. ಒಮ್ಮೆ ತೆರೆದ ಸೊಲ್ಯೂಷನ್ ಟ್ಯೂಬು ತಾನಾಗಿ ಒಣಗುತ್ತೆ, ಆಗಾಗ ಒತ್ತಿ ನೋಡಿ.

ಹೊಸ_ಸವಾರ

ನನ್ನದು ಸಣ್ಣ ವಾಲ್ವ್, ತುದಿಯಲ್ಲಿ ಪುಟ್ಟ ನಟ್ಟಿದೆ. ಪೆಟ್ರೋಲ್ ಬಂಕಲ್ಲಿ ಗಾಳಿ ಹಿಡಿಯಲ್ಲ ಅಂದ್ರು.

ಪಂಚರ್_ಪಂಡಿತ

ಅದು ಪ್ರೆಸ್ಟಾ. ಬೈಕ್, ಕಾರಿಗಿರೋದು ಶ್ರೇಡರ್. ಹಿತ್ತಾಳೆ ಅಡಾಪ್ಟರ್ ಸಿಗುತ್ತೆ, ತಗೊಂಡು ಚೀಲದಲ್ಲಿಡಿ. ಗಾಳಿ ಹಾಕೋ ಮುಂಚೆ ಆ ನಟ್ಟು ಸಡಿಲಿಸಿ, ತುದಿಯನ್ನು ಒಮ್ಮೆ ಒತ್ತಿ ಬಿಡಿ. ಮಿನಿ ಪಂಪು ಕೊಳ್ಳುವಾಗ ರಬ್ಬರ್ ಪೈಪ್ ಇರೋದನ್ನೇ ಆರಿಸಿ. ಪಂಪನ್ನು ನೇರ ವಾಲ್ವಿಗೆ ಸಿಕ್ಕಿಸಿ ಅಲ್ಲಾಡಿಸಿದರೆ ವಾಲ್ವಿನ ಬುಡವೇ ಹರಿಯುತ್ತೆ. ಮನೆಗೆ ಮೀಟರ್ ಇರೋ ಫ್ಲೋರ್ ಪಂಪು ಬೇಕೇಬೇಕು. 70 ಕಿಲೋ ತೂಕದವರಾದರೆ ಹಿಂದೆ 60, ಮುಂದೆ 50 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ)ನಿಂದ ಶುರು ಮಾಡಿ. ಟಯರಿನ ಪಕ್ಕದಲ್ಲಿ ಬರೆದಿರೋ ಮಿತಿ ದಾಟಬೇಡಿ. ವಾರಕ್ಕೊಮ್ಮೆ ನೋಡಿದರೆ ಆ ಜೋಡಿ ಸೀಳಿನ ಪಂಚರ್ ಹೆಚ್ಚುಕಮ್ಮಿ ನಿಂತೇಹೋಗುತ್ತೆ.

ಮಳೆಗಾಲ

ಕೇಬಲ್ ಲಾಕ್ ಬೇಡ, ಕಟರ್‌ಗೆ ಕ್ಷಣದ ಕೆಲಸ. ಯು-ಲಾಕ್ (ಯು ಆಕಾರದ ದಪ್ಪ ಉಕ್ಕಿನ ಬೀಗ) ತಗೊಂಡು ಹಿಂದಿನ ಚಕ್ರ, ಫ್ರೇಮು, ನೆಲಕ್ಕೆ ಹೂತ ಕಂಬ ಮೂರನ್ನೂ ಸೇರಿಸಿ ಹಾಕಿ. ಕೀ ತೂತು ಕೆಳಮುಖವಾಗಿರಲಿ, ನೀರು ಇಳಿಯಲ್ಲ.

ಜೆಲ್ ಕವರ್ ಬಗ್ಗೆ ಯಾರೂ ಹೇಳಲಿಲ್ಲ. ಅದು ಸವಾರಿಯಲ್ಲಿ ಅತ್ತಿತ್ತ ಜಾರಿ ತೊಡೆ ಉಜ್ಜುತ್ತೆ. ನೋವಿದ್ದರೆ ಮೊದಲು ಸೀಟಿನ ಎತ್ತರ ಸರಿಮಾಡಿ: ಪೆಡಲ್ ಪೂರ್ತಿ ಕೆಳಗಿದ್ದಾಗ ಹಿಮ್ಮಡಿ ಇಟ್ಟರೆ ಕಾಲು ನೇರವಾಗಬೇಕು. ಅದಕ್ಕೆ ಕಾಸೂ ಬೇಡ.

ಲ್ಯಾಪ್‌ಟಾಪ್ ಬೆನ್ನಿಗಿಂತ ಕ್ಯಾರಿಯರ್ ಮೇಲೆ ವಾಸಿ, ಬೆನ್ನು ಬೆವರಲ್ಲ. ಆದರೆ ಕ್ಯಾರಿಯರ್ ಕೊಳ್ಳೋ ಮುಂಚೆ ಸೈಕಲ್ಲನ್ನೇ ಅಂಗಡಿಗೆ ಒಯ್ಯಿರಿ. ಡಿಸ್ಕ್ ಬ್ರೇಕಿನ ಕ್ಯಾಲಿಪರ್‌ಗೆ (ಡಿಸ್ಕನ್ನು ಹಿಡಿಯೋ ಭಾಗಕ್ಕೆ) ಕ್ಯಾರಿಯರ್ ಕಾಲು ತಗಲುವ ಫ್ರೇಮ್‌ಗಳಿವೆ. ಅಂಥದ್ದಕ್ಕೆ ಕಾಲು ಹೊರಕ್ಕೆ ಬಾಗಿದ, ಡಿಸ್ಕ್‌ಗೆಂದೇ ಮಾಡಿದ ಕ್ಯಾರಿಯರ್ ಬೇಕು. ಪಕ್ಕದ ಬ್ಯಾಗ್ ತೂಗುಹಾಕಿ ಪೆಡಲ್ ತಿರುಗಿಸಿ ನೋಡಿ, ಹಿಮ್ಮಡಿ ತಾಗಿದರೆ ಬ್ಯಾಗನ್ನು ಹಿಂದಕ್ಕೆ ಸರಿಸಿ. ಮಡ್‌ಗಾರ್ಡ್ ಪೂರ್ತಿ ಉದ್ದದ್ದೇ ಇರಲಿ. ಸೀಟಿನ ಕೆಳಗೆ ಸಿಕ್ಕಿಸೋ ತುಂಡು ಪ್ಲಾಸ್ಟಿಕ್ ಬೆನ್ನನ್ನಷ್ಟೇ ಕಾಯುತ್ತೆ, ಮುಂದಿನ ಚಕ್ರದ ಕೆಸರೆಲ್ಲ ಶೂಗೂ ಚೈನಿಗೂ.