ಪಾಸಿಟಿವ್ ಬಂದರೆ ಮಗುವನ್ನು ಅಮ್ಮನಿಂದ ದೂರ ಇಡುತ್ತಾರಾ?

ದಾವಣಗೆರೆಯಿಂದ, ಮೇ 2021
ನನ್ನ ತಂಗಿಗೆ ಈಗ ಒಂಬತ್ತು ತಿಂಗಳು. ಹೆರಿಗೆಗೆ ಮೊದಲು ಕೋವಿಡ್ ಟೆಸ್ಟ್ ಆಗಲೇಬೇಕು, ಜೊತೆಗೆ ಒಬ್ಬರೇ ಇರಬೇಕು ಅಂತ ಆಸ್ಪತ್ರೆಯಲ್ಲಿ ಹೇಳಿದ್ದಾರೆ. ಅಮ್ಮ ಇರೋದಾ, ಅವಳ ಗಂಡ ಇರೋದಾ ಅಂತ ಮನೆಯಲ್ಲಿ ದಿನಾ ಅದೇ ಮಾತು. ಅವಳಿಗಂತೂ ಪಾಸಿಟಿವ್ ಬಂದರೆ ಮಗುವನ್ನು ಎತ್ತಿಕೊಂಡು ಹೋಗುತ್ತಾರೆ ಅನ್ನೋ ಭಯ, ರಾತ್ರಿ ನಿದ್ದೆಯೇ ಇಲ್ಲ.

ಚಿತ್ರದುರ್ಗದಿಂದ
ಅಕ್ಕಾ, ನನಗೆ ಹೋದ ವರ್ಷ ಲಾಕ್‌ಡೌನ್‌ನಲ್ಲೇ ಹೆರಿಗೆ ಆಯಿತು. ಅಮ್ಮ ಒಳಗಿದ್ದರು. ನಮ್ಮ ಯಜಮಾನರು ಗೇಟಿನ ಹತ್ತಿರ ಗಂಜಿ ಫ್ಲಾಸ್ಕ್ ಹಿಡಿದು ನಿಂತಿದ್ದರು, ವಾಚ್‌ಮನ್ ಅದನ್ನು ತಂದುಕೊಡುತ್ತಿದ್ದ. ಮಗಳ ಮುಖವನ್ನು ಅವರು ಮೊದಲು ನೋಡಿದ್ದು ವಿಡಿಯೋ ಕಾಲ್‌ನಲ್ಲಿ. ಈಗಲೂ ನೆನೆಸಿಕೊಂಡರೆ ಅಳು ಬರುತ್ತದೆ. ಅಮ್ಮನನ್ನೇ ಇಟ್ಟುಕೊಳ್ಳಿ, ಬಾಣಂತಿಗೆ ಅವರೇ ಬೇಕು.

ನರ್ಸ್ ಒಬ್ಬರಿಂದ
ಪಾಸಿಟಿವ್ ಆದರೂ ಮಗು ತಾಯಿ ಜೊತೆ ಇರಬಹುದು, ಎದೆಹಾಲು ಕುಡಿಸಬಹುದು ಅಂತ ವಿಶ್ವ ಆರೋಗ್ಯ ಸಂಸ್ಥೆಯೇ ಹೇಳಿದೆ. ಮಾಸ್ಕ್ ಹಾಕಿ, ಮಗುವನ್ನು ಮುಟ್ಟುವ ಮೊದಲು ಸೋಪಿನಿಂದ ಕೈ ತೊಳೆದರೆ ಸಾಕು. ತಾಯಿಗೆ ತುಂಬಾ ಹುಷಾರಿಲ್ಲದಿದ್ದರೆ ಹಾಲು ಹಿಂಡಿ ಕೊಡಬಹುದು. ಮಗುವಿಗೆ ಮಾಸ್ಕ್ ಮಾತ್ರ ಬೇಡ, ಉಸಿರು ಕಟ್ಟುತ್ತದೆ. ಕೆಲವು ಕಡೆ ಸುಮ್ನೆ ಹೆದರಿ ಬೇರೆ ಇಡುತ್ತಾರೆ, ಅದಕ್ಕೆ ಈಗಲೇ ಡಾಕ್ಟರ್ ಹತ್ತಿರ ಮಾತಾಡಿಬಿಡಿ. ಇನ್ನೊಂದು, ಮಗುವಿಗೆ ಹೆಪಟೈಟಿಸ್ ಬಿ ಇಂಜೆಕ್ಷನ್ ಹುಟ್ಟಿದ 24 ಗಂಟೆಯೊಳಗೆ ಆಗಬೇಕು. ಬಿಸಿಜಿ (ಕ್ಷಯದ ಲಸಿಕೆ), ಪೋಲಿಯೋ ಹನಿಯೂ ಆಯಿತಾ ಅಂತ ಮನೆಗೆ ಹೊರಡುವ ಮೊದಲು ತಾಯಿ ಕಾರ್ಡ್‌ನಲ್ಲಿ ನೋಡಿಕೊಳ್ಳಿ.

ಪ್ರಶ್ನೆ ಕೇಳಿದವರು
ಇದನ್ನು ಅವಳಿಗೆ ಈಗಲೇ ಓದಿ ಹೇಳಿದೆ. ಹಾಲು ಕುಡಿಸಬಹುದು ಅಂದ ತಕ್ಷಣ ಎದ್ದು ಕೂತಳು. ನಾಳೆ ಡಾಕ್ಟರ್ ಹತ್ತಿರ ಹೋಗುತ್ತೇವೆ.