ಅಪ್‌ಡೇಟ್: ಕನ್ನಡಕ, ಕಡಿಮೆ ಎತ್ತರ ಇರುವ ಹುಡುಗಿ ಪೈಲಟ್ ಆಗಬಹುದೇ?

ಶಿರಸಿಯಲ್ಲಿ ಪಿಯುಸಿ ಓದುತ್ತಿರುವ ತಂಗಿಯ ಬಗ್ಗೆ ಕೇಳಿದ್ದೆ: ಕನ್ನಡಕವಿದೆ, ಎತ್ತರ ಕಡಿಮೆ, ಜೊತೆಗೆ "ಹೆಣ್ಣುಮಕ್ಕಳಿಗೆ ಇದೆಲ್ಲ ಯಾಕೆ" ಎನ್ನುವ ನೆಂಟರು. ತಿಳಿದದ್ದು ಇಷ್ಟು.

ಕನ್ನಡಕ ಅಡ್ಡಿಯಲ್ಲ; ಹಾಕಿಕೊಂಡಾಗ ದೃಷ್ಟಿ ಸರಿಯಿದ್ದರೆ ಆಯಿತು. ಬಣ್ಣ ಗುರುತಿಸುವುದು ಮಾತ್ರ ಸರಿಯಿರಲೇಬೇಕು. ಆದ್ದರಿಂದ ತರಬೇತಿ ಶಾಲೆಗೆ ಫೀ ಕಟ್ಟುವ ಮೊದಲೇ ಡಿಜಿಸಿಎ (ವಿಮಾನಯಾನ ನಿಯಂತ್ರಿಸುವ ಕೇಂದ್ರ ಸರ್ಕಾರದ ಸಂಸ್ಥೆ) ಹೇಳುವ ವೈದ್ಯಕೀಯ ತಪಾಸಣೆಗಳನ್ನು, ಅಂದರೆ ಮೊದಲು ಕ್ಲಾಸ್ 2, ಆಮೇಲೆ ಕ್ಲಾಸ್ 1 ಮೆಡಿಕಲ್, ಮುಗಿಸಿಕೊಳ್ಳಿ. ರಕ್ತಹೀನತೆ ಇದ್ದರೆ ತಾತ್ಕಾಲಿಕವಾಗಿ ಅನ್‌ಫಿಟ್ ಆಗಬಹುದು. ಎರಡು ತಿಂಗಳು ಮುಂಚೆಯೇ ಹಿಮೋಗ್ಲೋಬಿನ್ ನೋಡಿಸಿ.

ಎತ್ತರದ ಮಾತು ಬಂದಾಗ ನೋಡಬೇಕಾದದ್ದು ಸೀಟು. ತರಬೇತಿಗೆ ಬಳಸುವ ಸಣ್ಣ ವಿಮಾನ ಸೆಸ್ನಾ 172ರ ಸೀಟು ಹಳಿಯ ಮೇಲೆ ಹಿಂದೆ ಮುಂದೆ ಜಾರುತ್ತದೆ. ರಡ್ಡರ್ ಪೆಡಲ್ (ಮೂತಿಯನ್ನು ಎಡಬಲಕ್ಕೆ ತಿರುಗಿಸಲು ಕಾಲಿನಿಂದ ಒತ್ತುವುದು) ಪೂರ್ತಿ ಒತ್ತಿದಾಗಲೂ ಮೊಣಕಾಲು ಸ್ವಲ್ಪ ಬಾಗಿರಬೇಕು, ವಿಮಾನದ ಮೂತಿಯಾಚೆ ರನ್‌ವೇ ಕಾಣಬೇಕು. ಸಾಲದಿದ್ದರೆ ಬೆನ್ನಿಗೆ ದಿಂಬು. ಸೀಟನ್ನು ಹಿಡಿದಿಡುವ ಪಿನ್ನು ಹಳಿಯ ತೂತಿಗೆ ಕೂತಿದೆಯೇ ಎಂದು ಸೀಟನ್ನು ಅಲುಗಾಡಿಸಿ ನೋಡಲೇಬೇಕು. ಕೂರದಿದ್ದರೆ ಟೇಕಾಫ್ ವೇಗಕ್ಕೆ ಸೀಟು ಹಿಂದಕ್ಕೆ ಜಾರಬಹುದು, ಕೈ ಯೋಕನ್ನು (ವಿಮಾನದ ಹ್ಯಾಂಡಲ್) ಎಳೆದುಬಿಡಬಹುದು, ಮೂತಿ ಎದ್ದು ವಿಮಾನ ಸ್ಟಾಲ್ ಆಗಬಹುದು, ಅಂದರೆ ರೆಕ್ಕೆ ಎತ್ತುವ ಬಲ ಕಳೆದುಕೊಳ್ಳಬಹುದು. ಎತ್ತರದವರಿಗೂ ಇದೇ ಅಪಾಯ.

ಸಿಪಿಎಲ್‌ಗೆ (ಸಂಬಳಕ್ಕೆ ವಿಮಾನ ಹಾರಿಸಲು ಬೇಕಾದ ಲೈಸೆನ್ಸ್) 18 ವರ್ಷ, ಪಿಯುಸಿಯಲ್ಲಿ ಭೌತಶಾಸ್ತ್ರ-ಗಣಿತ, 200 ಗಂಟೆ ಹಾರಾಟ, ಲಿಖಿತ ಪರೀಕ್ಷೆಗಳಲ್ಲಿ 70% ಅಂಕ ಬೇಕು. ಹೆಣ್ಣಿಗೆ ಬೇರೆ, ಗಂಡಿಗೆ ಬೇರೆ ಅಂತ ಇಲ್ಲ.

ನೆಂಟರಿಗೆ ಹೇಳಲು ಒಂದು ಮಾತು: ವಿಮಾನ ಹಾರಿಸಿದ ಆರಂಭದ ಭಾರತೀಯ ಮಹಿಳೆಯರಲ್ಲಿ ಒಬ್ಬರಾದ ಸರಳಾ ಠಕ್ರಾಲ್ ಪೈಲಟ್ ಲೈಸೆನ್ಸ್ ಪಡೆದದ್ದು 1936ರಲ್ಲಿ. ನಮ್ಮ ಕಾರವಾರದಲ್ಲಿ ನೆಲೆಯಿರುವ ನೌಕಾಪಡೆಗೂ 2019ರ ಡಿಸೆಂಬರಿನಲ್ಲಿ ಮೊದಲ ಮಹಿಳಾ ಪೈಲಟ್ ಬಂದರು, ಶಿವಾಂಗಿ, ಹಾರಿಸಿದ್ದು ಡಾರ್ನಿಯರ್ ವಿಮಾನ. ತಂಗಿಯ ಕ್ಲಾಸ್ 2 ಮೆಡಿಕಲ್‌ಗೆ ದಿನ ಗೊತ್ತುಮಾಡಿದ್ದೇವೆ.